ವಂಶಾವಳಿಯಲ್ಲಿ ತಾಯಂದಿರು



ಮನೆತನದ ಪೂರ್ವೋತ್ತರವನ್ನು ಹೆಳವರು ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಹೇಳುವದು ನಮ್ಮ ಸೀಮೆಯ ಹಳೆಯ ರೂಢಿ. ಆದರೆ ಆ ಎಣಿಕೆಯಲ್ಲಿ ಬರುವವು ಬಹುಮಟ್ಟಿಗೆ ಗಂಡಸರ ಹೆಸರುಗಳೇ.

ಕಿತ್ತೂರ ದೇಸಾಯರ ಮನೆತನವನ್ನೇ ನೋಡಿರಿ. ಮೂಲಪುರುಷರಾದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿಯರಿಂದ ಮಲ್ಲಸರ್ಜನವರೆಗೆ ತಲೆಮಾರುಗಳನ್ನು ಎಣಿಸುವರು. ಆ ಮನೆಗೆ ಸೊಸೆಯರಾಗಿ ಬಂದವರ ತವರೂರುಗಳನ್ನು ಬಲ್ಲವರೆಷ್ಟು ಜನ? 1824ರಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕಪುತ್ರನನ್ನು ಕಂಪನಿ ಸರಕಾರವು ಒಪ್ಪಲಿಲ್ಲ. ಗಂಡಸರನ್ನೇ ಎಣಿಸಿದ ವಂಶಾವಳಿಯು ಅಲ್ಲಿಗೆ ನಿಂತಿತು. ಮನೆತನದ ಮಾನವನ್ನು ಉಳಿಸಲು ಹೋರಾಡಿದವಳು ಕಾಕತಿಯ ಮಗಳು, ಕಿತ್ತೂರ ಸೊಸೆ, ಚೆನ್ನಮ್ಮರಾಣಿ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಾಲವಾದ ಆಕೆಯ ಸಮಾಧಿಯು ಅಲ್ಲಿಯೇ ಇರುವದು.

ವಂಶದ ಎಳೆಯನ್ನು ಗಂಡಸರಲ್ಲಿ ಮಾತ್ರ ಹುಡುಕುವದು ಅರ್ಧ ಸತ್ಯವೆಂಬುದೇ ನಮ್ಮ ಮತವು. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ: ಅಜ್ಜಿಯು ಬದುಕಿರುವಾಗಲೇ ಆಕೆಯ ತವರೂರನ್ನೂ ಆಕೆಯ ತಾಯಿಯ ಹೆಸರನ್ನೂ ಕೇಳಿ ಬರೆದಿಡಿರಿ. ಸಂದೇಹವಿದ್ದಲ್ಲಿ ಸಂದೇಹವೆಂದೇ ಬರೆಯಿರಿ. ತಿಳಿಯದಲ್ಲಿ ಸ್ಥಳವನ್ನು ಬರಿದೇ ಬಿಡಿರಿ. ದೊಡ್ಡವರ ಹೆಸರನ್ನು ತಂದು ತುಂಬಿದ ವಂಶಾವಳಿಗಿಂತ ಬರಿದಾದ ಒಂದು ಸಾಲು ಹೆಚ್ಚು ಪ್ರಾಮಾಣಿಕವು. ನಾವು ಅಕ್ಷರ ಕಲಿತದ್ದು ಇಷ್ಟಕ್ಕಾದರೂ ಸಾರ್ಥಕವಾಗಲಿ.