ಒಂದೇ ಮನೆ, ಎರಡು ಲೆಕ್ಕ

ವರ್ಷದ ನಡುವೆ ದೇಶ ಬಿಟ್ಟು ಹೊರಟ ಸಂಸಾರಕ್ಕೆ, ಮಕ್ಕಳ ಹೆಸರಿನಲ್ಲಿ ಆ ದೇಶ ಕೊಡುವ ತೆರಿಗೆ ರಿಯಾಯಿತಿ ಸಲ್ಲಬೇಕೇ? ಸಲ್ಲುವುದಾದರೆ ಎಷ್ಟು ತಿಂಗಳಿಗೆ, ಯಾವ ಮಗುವಿಗೆ? ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಕೆಲವು ವರ್ಷ ದುಡಿದು, ಆಗಸ್ಟ್ ಕೊನೆಗೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮೈಸೂರಿಗೋ ಮರಳುವ ಕನ್ನಡದ ಕುಟುಂಬಗಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹತ್ತು ವರ್ಷದ ಅಕ್ಕ ಮೈಸೂರಿನಲ್ಲಿ ಹುಟ್ಟಿ, ಕುಟುಂಬದವರಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದವಳು. ನಾಲ್ಕು ವರ್ಷದ ತಮ್ಮ ನ್ಯೂಜೆರ್ಸಿಯಲ್ಲಿ ಹುಟ್ಟಿದವನು. ತೆರಿಗೆ ಫಾರಂನ ಅವಲಂಬಿತರ ಪಟ್ಟಿಯಲ್ಲಿ ಇಬ್ಬರ ಹೆಸರಿಗೂ ಎರಡೆರಡು ಚೌಕಗಳಿವೆ. ಅಲ್ಲೇ ಹುಟ್ಟಿ ಅಮೆರಿಕದ ಪ್ರಜೆಯಾದ ತಮ್ಮನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದೆ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನ ಚೌಕಕ್ಕೆ ಟಿಕ್ ಬೀಳುತ್ತದೆ, 2025ರ ಲೆಕ್ಕದಲ್ಲಿ 2,200 ಡಾಲರ್‌ವರೆಗೆ ತೆರಿಗೆಯಿಂದಲೇ ಕಳೆಯುತ್ತದೆ. ಅಕ್ಕನಿಗೆ ಇರುವುದು ತೆರಿಗೆ ಇಲಾಖೆ ಕೊಟ್ಟ ಐಟಿನ್ ಸಂಖ್ಯೆ ಮಾತ್ರ. ಅವಳ ಟಿಕ್ ಪಕ್ಕದ ಚೌಕಕ್ಕೆ: 500 ಡಾಲರ್. 2017ರ ಕೊನೆಯಲ್ಲಿ ಬಂದ ಕಾಯ್ದೆಗೆ ಮೊದಲು ಐಟಿನ್ ಇದ್ದ ಮಗುವಿಗೂ ಎಲ್ಲರಂತೆ ಸಾವಿರ ಡಾಲರ್ ಸಿಗುತ್ತಿತ್ತು.

ಹೊರಡುವ ವರ್ಷ ತೊಡಕು ಹೆಚ್ಚುತ್ತದೆ. ವರ್ಷದ ಮೊದಲ ಭಾಗಕ್ಕೆ ನಿವಾಸಿ, ಉಳಿದ ಭಾಗಕ್ಕೆ ಅನಿವಾಸಿ ಎಂದು ಲೆಕ್ಕ ಒಪ್ಪಿಸಿದರೆ ಗಂಡಹೆಂಡತಿ ಸಾಮಾನ್ಯವಾಗಿ ಜಂಟಿ ರಿಟರ್ನ್ ಸಲ್ಲಿಸುವಂತಿಲ್ಲ, 2025ರಲ್ಲಿ ದಂಪತಿಗೆ 31,500 ಡಾಲರ್ ಇರುವ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಇಲ್ಲ. ಮಗುವಿನ ಕ್ರೆಡಿಟ್ ಮಾತ್ರ ತಿಂಗಳ ಲೆಕ್ಕದಲ್ಲಿ ತುಂಡಾಗುವುದಿಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಗು ಹೆತ್ತವರ ಜೊತೆ ಇದ್ದರೆ ಸಾಕು, ಉಳಿದ ಷರತ್ತುಗಳೂ ಕೂಡಿಬಂದರೆ ಪೂರ್ತಿ ಮೊತ್ತ. ಡಿಸೆಂಬರ್ 31ರಂದು ಹುಟ್ಟಿದ ಕೂಸಿಗೂ ಇಡೀ ವರ್ಷದ್ದೇ ಸಿಗುತ್ತದೆ.

ಈ ಕ್ರೆಡಿಟ್ ಪೌರತ್ವಕ್ಕೆ ಸಲ್ಲುವ ಮರ್ಯಾದೆ ಎಂದು ವಾದಿಸುವವರಿದ್ದಾರೆ. ಹಾಗಿದ್ದರೆ ಮರುವರ್ಷ ಏನಾಗುತ್ತದೆ ನೋಡಿ. ತಮ್ಮ ಮೈಸೂರಿನಲ್ಲಿದ್ದರೂ ಅಮೆರಿಕದ ಪ್ರಜೆಯೇ. ಆದರೆ ಭಾರತದ ಪ್ರಜೆಗಳಾದ ಹೆತ್ತವರು ಅಲ್ಲಿಗೆ ಅನಿವಾಸಿಗಳಾದ ಕೂಡಲೇ ಅವನ ಹೆಸರಿನ ಕ್ರೆಡಿಟ್ ನಿಂತುಹೋಗುತ್ತದೆ. ಅಂದರೆ ಅದು ನಿಂತಿರುವುದು ಹೆತ್ತವರ ತೆರಿಗೆಯ ಮೇಲೆ. ತೆರಿಗೆಯೇ ಆಧಾರವಾದರೆ, ಅದೇ ಸಂಬಳದಲ್ಲಿ ಬೆಳೆದ ಅಕ್ಕನಿಗೇಕೆ ಕಾಲುಪಾಲೂ ಇಲ್ಲ? ಒಳಗೆ ಬಿಡುವಾಗ ಮಗುವಿನ ಹುಟ್ಟನ್ನು ಕೇಳಿ, ಹೊರಗೆ ಕಳಿಸುವಾಗ ಅಪ್ಪಅಮ್ಮನ ವಾಸವನ್ನು ಕೇಳುವ ಈ ನಿಯಮ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಬೇರೆ ದಾರಿ ಇದೆ ಎಂಬುದಕ್ಕೆ ಪಕ್ಕದ ಕೆನಡಾವೇ ಸಾಕ್ಷಿ. 2016ರ ಜುಲೈನಿಂದ ಅಲ್ಲಿ ನಡೆದಿರುವ ಕೆನಡಾ ಚೈಲ್ಡ್ ಬೆನಿಫಿಟ್ ತಿಂಗಳು ತಿಂಗಳಿಗೆ ಬರುತ್ತದೆ. ತಾತ್ಕಾಲಿಕ ಪರವಾನಗಿಯಲ್ಲಿ ಬಂದವರೂ ಹದಿನೆಂಟು ತಿಂಗಳು ವಾಸವಿದ್ದು, ಹತ್ತೊಂಬತ್ತನೆಯ ತಿಂಗಳಲ್ಲೂ ಪರವಾನಗಿ ಊರ್ಜಿತವಿದ್ದರೆ ಅರ್ಹರು. ಮಗು ಎಲ್ಲಿ ಹುಟ್ಟಿತೆಂಬುದು ಅಡ್ಡಬರುವುದಿಲ್ಲ. ದೇಶ ಬಿಟ್ಟು ನಿವಾಸ ಮುಗಿದರೆ ಹಣವೂ ನಿಲ್ಲುತ್ತದೆ. ಇದ್ದಷ್ಟು ತಿಂಗಳಿಗೆ ಸಂದದ್ದು, ಹೋದ ಮೇಲೆ ಇಲ್ಲ: ಇದರಲ್ಲಿ ಎರಡೂ ಕಡೆಗೆ ಮರ್ಯಾದೆಯಿದೆ.

ಅಮೆರಿಕಕ್ಕೆ ತಾತ್ಕಾಲಿಕವಾಗಿ ಬಂದವರು ಷರತ್ತು ಒಪ್ಪಿಯೇ ಬಂದರಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಲಾರೆ. ಆದರೆ ಈ ಜನ ಕೊಟ್ಟದ್ದೂ ಲೆಕ್ಕಕ್ಕೆ ಬರಬೇಕು. ಆದಾಯ ತೆರಿಗೆಯ ಮೇಲೆ ಸೋಷಿಯಲ್ ಸೆಕ್ಯುರಿಟಿಗೂ ಮೆಡಿಕೇರ್‌ಗೂ ಸಂಬಳದಿಂದ ಶೇ. 7.65 ಕಡಿತವಾಗುತ್ತದೆ. ಅಲ್ಲಿಯ ಪಿಂಚಣಿಗೆ ಸಾಮಾನ್ಯವಾಗಿ ಹತ್ತು ವರ್ಷದ ದುಡಿಮೆ ಬೇಕು, ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವೂ ಇಲ್ಲ. ಆರೇಳು ವರ್ಷಕ್ಕೆ ಮರಳುವವರು ಆ ಹಣವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಆಗಸ್ಟ್‌ವರೆಗೆ ಅಲ್ಲಿದ್ದ ಇಬ್ಬರಿಗೂ ಎಂಟೆಂಟು ತಿಂಗಳ ಪಾಲು ಸಿಗಲಿ ಎಂಬುದು ನನ್ನ ವಾದ. 2,200 ಡಾಲರ್‌ನಲ್ಲಿ ಎಂಟು ತಿಂಗಳ ಪಾಲೆಂದರೆ ಸುಮಾರು 1,467. ತಮ್ಮನಿಗೆ ಈಗಿನದಕ್ಕಿಂತ ಕಡಿಮೆಯಾಗುತ್ತದೆ, ಅದನ್ನು ಒಪ್ಪುತ್ತೇನೆ. ಅಕ್ಕನದು ಸೇರಿದರೆ ಮನೆಗೆ 2,933. ಈಗ ಸಿಗುವುದು 2,700. ಇಬ್ಬರನ್ನೂ ಸಮವಾಗಿ ಎಣಿಸಲು ಅಮೆರಿಕದ ಬೊಕ್ಕಸಕ್ಕೆ ಬೀಳುವ ಹೆಚ್ಚುವರಿ ಖರ್ಚು, ಈ ಮನೆಯ ಮಟ್ಟಿಗೆ, 233 ಡಾಲರ್.