‘ವಾಪಸ್ ಬತ್ಯ?’ ಮೊದಲು ಮನೆಯಲ್ಲಿ ಉತ್ತರ ಹೇಳೋಣ

ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಯಲ್ಲಿ ನನಗೆ ಎರಡು ಹಾಳೆ ಕೊಟ್ಟರು. ಅಮೆರಿಕದ ವಿದ್ಯಾರ್ಥಿ ವೀಸಾ ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಗಳು, ಅವಕ್ಕೆ ಹೇಳಬೇಕಾದ ಉತ್ತರಗಳು ಅದರಲ್ಲಿದ್ದವು. ‘ಓದು ಮುಗಿದ ಮೇಲೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಅವರೇ ಬರೆದಿಟ್ಟ ಉತ್ತರ: ‘ಬನವಾಸಿಗೆ ಮರಳಿ ತಂದೆಯ ಅಡಿಕೆ ಮತ್ತು ಅನಾನಸ್ ಬೇಸಾಯವನ್ನು ಆಧುನಿಕ ತಂತ್ರಜ್ಞಾನದಿಂದ ಅಭಿವೃದ್ಧಿ ಮಾಡುತ್ತೇನೆ.’ ತಡವರಿಸದೆ ಹೇಳಲು ಬರಬೇಕು, ಅಷ್ಟೇ ಎಂದರು.

ಊರಿಗೆ ಹೋದಾಗ ಅದನ್ನು ಓದಿ ಹೇಳಿದೆ. ಅಪ್ಪ ಜೋರಾಗಿ ನಕ್ಕ. ‘ತೋಟಕ್ಕೆ ಕಡೇ ಸಲ ಯಾವಾಗ ಹೋಗಿದ್ದೆ ಹೇಳು ನೋಡನ’ ಎಂದ. ಅಜ್ಜಿ ಮಾತ್ರ ನಗಲಿಲ್ಲ. ‘ತಮಾ, ನೀ ಖರೇ ವಾಪಸ್ ಬತ್ಯ?’ ಎಂದು ಕೇಳಿದಳು. ವೀಸಾ ಅಧಿಕಾರಿಗೆ ಹೇಳಲು ಉತ್ತರ ಕೈಯಲ್ಲೇ ಇತ್ತು. ಅಜ್ಜಿಗೆ ಹೇಳಲು ಇರಲಿಲ್ಲ.

ನಾನೀಗ ಬಿಇ ಆರನೇ ಸೆಮಿಸ್ಟರ್. ಕ್ಲಾಸಿನಲ್ಲಿ ಅರ್ಧ ಜನ ಎಂಎಸ್ ಮಾತಾಡುತ್ತಾರೆ. ಯಾವ ಯೂನಿವರ್ಸಿಟಿ, ಐಇಎಲ್‌ಟಿಎಸ್ ಸ್ಕೋರ್ ಎಷ್ಟು, ಸ್ಲಾಟ್ ಯಾವಾಗ ಸಿಗುತ್ತದೆ, ಎಲ್ಲವೂ ಚರ್ಚೆಗೆ ಬರುತ್ತದೆ. ವಾಪಸ್ ಬರುತ್ತೇವಾ ಎಂಬುದು ಮಾತ್ರ ಬರುವುದಿಲ್ಲ. ಆದರೆ ಕಾನೂನು ಕೇಳುವುದು ಅದನ್ನೇ. ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಂ ಪ್ರಕಾರ, ವೀಸಾ ಕೇಳಿ ಬಂದ ವಿದ್ಯಾರ್ಥಿ ಅಲ್ಲೇ ನೆಲೆಸಲು ಬಂದವನು ಎಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲ ಎಂದು ತೋರಿಸಿಕೊಡುವ ಹೊಣೆ ನಮ್ಮದು. ಸಂದರ್ಶನ ನಡೆಯುವುದು ಕೆಲವೇ ನಿಮಿಷ. ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್. ನಿರಾಕರಣೆಯಾದರೂ ವೀಸಾ ಶುಲ್ಕ ಮರಳಿ ಸಿಗುವುದಿಲ್ಲ.

ಇನ್ನು ಸಾಲದ ಕಥೆ. ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಅಡಮಾನ ಕೇಳುತ್ತವೆ. ನಮ್ಮ ಕಡೆಯವರಿಗೆ ಆಸ್ತಿ ಎಂದರೆ ತೋಟ. ಆದರೆ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಈ ಸಾಲಕ್ಕೆ ತೋಟವನ್ನು ಅಡ ಇಟ್ಟುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ನಮ್ಮ ಪಹಣಿಯಲ್ಲಂತೂ ಇನ್ನೂ ಅಜ್ಜನ ಹೆಸರೇ ಇದೆ, ಹಿಸೆ ಆಗಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಅಪ್ಪ ಯಾವತ್ತೂ ರಿಟರ್ನ್ಸ್ ಸಲ್ಲಿಸಿಲ್ಲ. ಅಡಿಕೆ ಮಾರಿದ ಹಣ ಶಿರಸಿಯ ಸಹಕಾರಿ ಸಂಘದ ಖಾತೆಯಲ್ಲಿರುತ್ತದೆ, ಅದೂ ವರ್ಷಕ್ಕೆ ಒಂದೆರಡು ಸಲ ಬರುವಂಥದ್ದು. ಸಂಬಳದವರಿಗಾಗಿ ಮಾಡಿದ ಫಾರ್ಮಿನಲ್ಲಿ ರೈತನ ಬದುಕನ್ನು ತುಂಬುವುದು ಸುಲಭವಲ್ಲ. ಕೊನೆಗೆ ಅಡ ಇಡಲು ಉಳಿಯುವುದು ಒಂದೇ, ಶಿರಸಿಯಲ್ಲಿ ಅಪ್ಪ ಇಪ್ಪತ್ತು ವರ್ಷ ದುಡಿದು ಕಟ್ಟಿಸಿದ ಸಣ್ಣ ಮನೆ.

ಒಂದು ರಾತ್ರಿ ಅಪ್ಪ, ನಾನು ಕೂತು ಲೆಕ್ಕ ಹಾಕಿದೆವು. 40 ಲಕ್ಷ ರೂಪಾಯಿ ಸಾಲ, ಶೇ 10ರ ಬಡ್ಡಿ, ಹತ್ತು ವರ್ಷದ ಅವಧಿ. ತಿಂಗಳಿಗೆ ಸುಮಾರು 53 ಸಾವಿರ ಕಂತು. ಓದುವ ಎರಡು ವರ್ಷದ ಬಡ್ಡಿ ಇದಕ್ಕೆ ಸೇರಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವನು ಊರಲ್ಲಿದ್ದು ಈ ಕಂತು ತುಂಬುವುದು ಸಾಧ್ಯವೇ ಇಲ್ಲ. ಬೆಂಗಳೂರಿನಲ್ಲೂ ಕಷ್ಟ. ಅಂದರೆ, ಮನೆ ಉಳಿಯಬೇಕಾದರೆ ನಾನು ಡಾಲರಿನಲ್ಲಿ ದುಡಿಯಲೇಬೇಕು. ಅತ್ತ ಅಧಿಕಾರಿಯ ಮುಂದೆ ‘ಓದು ಮುಗಿದ ಕೂಡಲೇ ತೋಟಕ್ಕೆ ಬರುತ್ತೇನೆ’ ಎಂದು ಬಾಯಿಪಾಠ ಒಪ್ಪಿಸಬೇಕು. ಸಾಲದ ಪತ್ರ ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತದೆ.

‘ಎಲ್ಲರೂ ಹಾಗೇ ಹೇಳೋದು ಮಾರಾಯ, ಅದೊಂದು ಫಾರ್ಮಾಲಿಟಿ’ ಎಂದರು ಸೀನಿಯರ್ ಒಬ್ಬರು. ಇರಬಹುದು. ಆದರೆ ಫಾರ್ಮಾಲಿಟಿ ಎಂದುಕೊಂಡೇ ನಾವು ಏಜೆಂಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಇವತ್ತು ಬಾಯಿಪಾಠ, ನಾಳೆ ಯಾರದೋ ದುಡ್ಡನ್ನು ಖಾತೆಯಲ್ಲಿ ತೋರಿಸುವುದು, ನಾಡಿದ್ದು ಕಾಗದವೇ ಸುಳ್ಳು. 2023ರಲ್ಲಿ ಕೆನಡಾದಲ್ಲಿದ್ದ ಭಾರತದ ವಿದ್ಯಾರ್ಥಿಗಳು, ಹೆಚ್ಚಿನವರು ಪಂಜಾಬಿನವರು, ಗಡಿಪಾರಿನ ಭೀತಿ ಎದುರಿಸಿದ್ದು ಏಜೆಂಟ್ ಕೊಟ್ಟ ಪ್ರವೇಶ ಪತ್ರ ನಕಲಿ ಎಂದು ಗೊತ್ತಾದಾಗ. ಸಹಿ ಮಾಡಿದವರು ವಿದ್ಯಾರ್ಥಿಗಳು, ಬೀದಿಗೆ ಬಂದವರೂ ಅವರೇ.

ನಿಜ ಹೇಳಿದರೆ ವೀಸಾ ಸಿಗುವುದಿಲ್ಲ ಎಂಬ ಹೆದರಿಕೆ ನನಗೂ ಇತ್ತು. ಓದುತ್ತಾ ಹೋದಂತೆ ಒಂದು ವಿಷಯ ತಿಳಿಯಿತು. ಕಾನೂನು ನಮ್ಮಿಂದ ಜೀವನಪರ್ಯಂತದ ಪ್ರಮಾಣ ಕೇಳುವುದಿಲ್ಲ. ಓದಿಗಾಗಿ ಹೋಗುತ್ತಿದ್ದೇನೆ, ಅವಧಿ ಮುಗಿದ ಮೇಲೆ ಮರಳುವ ಉದ್ದೇಶ ಇವತ್ತು ನನಗಿದೆ ಎಂಬುದು ಪ್ರಾಮಾಣಿಕವಾಗಿದ್ದರೆ ಸಾಕು. ಈಗಿನ ನಿಯಮದಂತೆ ಎಂಜಿನಿಯರಿಂಗ್ ಓದಿದವರು ಆ ಮೇಲೆ ಒಪಿಟಿ ಅಡಿ ಮೂರು ವರ್ಷದವರೆಗೆ ಅಲ್ಲಿ ಕೆಲಸ ಮಾಡಲು ಅವಕಾಶವೂ ಇದೆ. ಸುಳ್ಳು ಬೇಕಾಗುವುದು ಉದ್ದೇಶವನ್ನೇ ಯೋಚಿಸದವರಿಗೆ, ಇಲ್ಲವೇ ಮರಳಲು ಬಿಡದಷ್ಟು ಸಾಲ ಮಾಡಿದವರಿಗೆ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ತೀರ್ಮಾನಕ್ಕೆ ಬಂದೆವು. ಮನೆ ಅಡ ಇಡುವಷ್ಟು ಸಾಲ ಬೇಡ. ಮೊದಲು ಎರಡು ವರ್ಷ ಕೆಲಸ ಮಾಡುತ್ತೇನೆ, ಜೊತೆಗೆ ಜರ್ಮನ್ ಕಲಿಯುತ್ತೇನೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಎಪಿಎಸ್ ಪ್ರಮಾಣಪತ್ರಕ್ಕೆ 18 ಸಾವಿರ ರೂಪಾಯಿ ಬೇಕು. ಒಂದು ವರ್ಷದ ಖರ್ಚಿಗೆಂದು 11,904 ಯೂರೊವನ್ನು, ಅಂದರೆ 11 ಲಕ್ಷ ರೂಪಾಯಿಗೂ ಹೆಚ್ಚನ್ನು, ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. ಆದರೆ ಆ ಹಣ ತಿಂಗಳಿಗೆ 992 ಯೂರೊದಂತೆ ನಮ್ಮ ಊಟ, ಬಾಡಿಗೆಗೇ ಸಿಗುತ್ತದೆ. ನನ್ನ ದುಡಿಮೆ, ಅಪ್ಪನ ಒಂದಿಷ್ಟು ಅಡಿಕೆ, ಸಣ್ಣ ಸಾಲ ಸೇರಿದರೆ ಇದು ಆಗುವ ಮಾತು.

ಎಲ್ಲರೂ ಜರ್ಮನಿಗೇ ಹೋಗಿ ಎಂದು ನಾನು ಹೇಳುತ್ತಿಲ್ಲ. ಹೋಗಲೇಬಾರದು ಎಂದೂ ಅಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇರುವುದು ಅಪ್ಪ, ಆಯಿ ಇಬ್ಬರೇ. ಕೊನೆಗೌಡ ಸಿಗದೆ ಅಡಿಕೆ ಮರದಲ್ಲೇ ಹಣ್ಣಾಗುತ್ತದೆ. ಮಕ್ಕಳು ಬೆಂಗಳೂರಿಗೆ ಹೋದರೂ ಹಾಗೇ, ಬೋಸ್ಟನ್ನಿಗೆ ಹೋದರೂ ಹಾಗೇ. ವಾಪಸ್ ಬರುವುದಿಲ್ಲ ಎಂದಾದರೆ ಅದನ್ನೂ ಹೇಳಿಬಿಡುವುದು ಒಳ್ಳೆಯದು. ತೋಟ ಗೇಣಿಗೆ ಕೊಡಬೇಕೋ, ಮಾರಬೇಕೋ, ತಮ್ಮ ನೋಡಿಕೊಳ್ಳುತ್ತಾನೋ ಎಂದು ಮನೆಯವರು ಯೋಚಿಸಬಹುದು. ಹೇಳದೆ ಹೋದರೆ ಅವರು ಕಾಯುತ್ತಲೇ ಇರುತ್ತಾರೆ.

ಗೆಳೆಯರೇ, ವೀಸಾ ಫಾರ್ಮ್ ತುಂಬುವ ಮೊದಲು ಮನೆಯವರನ್ನು ಕೂರಿಸಿಕೊಂಡು ಎರಡು ಲೆಕ್ಕ ಬರೆಯಿರಿ: ಸಾಲದ ಕಂತು ಎಷ್ಟು, ಮರಳುವ ವರ್ಷ ಯಾವುದು. ಎರಡೂ ಒಂದಕ್ಕೊಂದು ತಾಳೆಯಾದರೆ ಸಂದರ್ಶನಕ್ಕೆ ಬಾಯಿಪಾಠ ಬೇಕಾಗುವುದಿಲ್ಲ. ನಾನು ಅಜ್ಜಿಗೆ ಹೇಳಿದ್ದು, ಹೋದ ಮೇಲೆ ಐದು ವರ್ಷ ಎಂದು. ಅವಳು ಬೆರಳು ಮಡಚಿ ಎಣಿಸಿದಳು. ‘ಅಷ್ಟೊತ್ತಿಗೆ ನಾ ಇರ್ತ್ನೋ ಇಲ್ಯೋ. ಆದ್ರೂ ಹೇಳಿದ್ದು ಚೊಲೋ ಆತು’ ಎಂದಳು.