ಸಮುದ್ರಕ್ಕೆ ಹೊರಟ ಬಯಲುಸೀಮೆ: ದೋಣಿ ಬಾಡಿಗೆಗೆ ಸಿಗ್ತದ, ಈಜು ಸಿಗ್ತದೇನು?

ರಾಜೇಶ್ವರದಲ್ಲಿ ಹೆದ್ದಾರಿಗೆ ಬಂದು ನಿಂತರೆ ಒಂದು ಕಡೆ ಹೈದರಾಬಾದ್ ಬಸ್ಸು, ಇನ್ನೊಂದು ಕಡೆ ಸೊಲ್ಲಾಪುರ ಬಸ್ಸು. ಸಮುದ್ರ ಮಾತ್ರ ಯಾವ ಕಡೆಗೂ ಹತ್ತಿರವಿಲ್ಲ. ಕಲಬುರಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಗೋಕರ್ಣ ಮುಟ್ಟಲು ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಆದರೂ ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿದರೆ ಸಾಕು, ಹತ್ತು ಹುಡುಗರು ಸೇರಿ ಒಂದು ಕ್ರೂಸರ್ ಮಾಡಿಕೊಂಡು ಹೊರಟರೆಂದೇ ಲೆಕ್ಕ. ಹಿಂದೆಲ್ಲ ದೇವರ ದರ್ಶನ ಮಾಡಿ, ಕಾಲು ತೋಯಿಸಿಕೊಂಡು ತಿರುಗಿ ಬರುತ್ತಿದ್ದರು. ಈಗಿನ ಬಯಕೆಯೇ ಬೇರೆ. ರಾತ್ರಿ ಮರಳಿನ ಮೇಲೆ ಡೇರೆ, ಬೆಳಗಾದರೆ ಕಯಾಕ್.

ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕೂರುವ ಕಿರಿದಾದ ದೋಣಿ. ಎರಡೂ ತುದಿಗೆ ಹಲಗೆ ಇರುವ ಒಂದೇ ಹುಟ್ಟು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾಕಬೇಕು. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ, ಕಾಂಡ್ಲಾ ಕಾಡಿನ ನಡುವೆ ಇದು ಹೊಸಬರಿಗೂ ಒಗ್ಗುವ ಆಟ. ತೆರೆದ ಸಮುದ್ರದ್ದು ಬೇರೆ ಮಾತು. ಅಲ್ಲಿ ದೋಣಿ ಮಗುಚುವುದು ಅಪಘಾತವಲ್ಲ, ಆಗಿಯೇ ಆಗುವ ಸಂಗತಿ. ಮಗುಚಿದ ದೋಣಿಯನ್ನು ನೀರಿನಲ್ಲಿ ಇದ್ದುಕೊಂಡೇ ನೆಟ್ಟಗೆ ಮಾಡಿ ಮತ್ತೆ ಹತ್ತಲು ಬರಬೇಕು. ಬಲ್ಲ ತಂಡಗಳು ದಡದ ಹತ್ತಿರ ಇದನ್ನೇ ಮೊದಲು ಕಲಿಸುತ್ತವೆ. ಮುಂದೆ ಒಬ್ಬ ಅನುಭವಿ, ಹಿಂದೆ ಒಬ್ಬ ಅನುಭವಿ, ನಡುವೆ ಎಲ್ಲರಿಗಿಂತ ನಿಧಾನದವನ ವೇಗಕ್ಕೆ ಉಳಿದವರು. ಹೊತ್ತೇರಿದಂತೆ ಗಾಳಿ ಜೋರಾಗ್ತದ, ಅದಕ್ಕೇ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ದಡ ಸೇರುವುದು. ಇಷ್ಟನ್ನೂ ಮಾಡದೆ ಬರೀ ಹುಟ್ಟು ಕೈಗೆ ಕೊಟ್ಟು "ಹೋಗ್ರಿ" ಎನ್ನುವವನ ಹತ್ತಿರ ದೋಣಿ ಅಗ್ಗಕ್ಕೆ ಸಿಕ್ಕರೂ ತುಟ್ಟಿಯೇ.

ಕರಾವಳಿಯ ದೊಡ್ಡ ದುರಂತಗಳಲ್ಲಿ ಸತ್ತವರ ಊರುಗಳನ್ನು ನೋಡಿದರೆ ಮನಸ್ಸು ಕುಂದುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ನೀರುಪಾಲಾದ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯವರು, ಪ್ರವಾಸಕ್ಕೆ ಬಂದ ಮಕ್ಕಳು. ಹಾವೇರಿಯಲ್ಲಿ ಸಮುದ್ರವಿಲ್ಲ, ಮುಳಬಾಗಿಲಿನಲ್ಲೂ ಇಲ್ಲ. ಮುರುಡೇಶ್ವರದ ಘಟನೆಯ ನಂತರ ಸರ್ಕಾರ ಪರಿಹಾರ ಘೋಷಿಸಿತು, ಶಿಕ್ಷಕರ ಮೇಲೆ ಕ್ರಮವಾಯಿತು. ಆದರೆ ಬಯಲುಸೀಮೆಯ ಮಗುವಿಗೆ ನೀರಿನ ಪಾಠ ಯಾರು ಹೇಳಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಪಾಠ ಕಷ್ಟದ್ದೇನಲ್ಲ. ದಡಕ್ಕೆ ಬಂದು ಒಡೆದ ಅಲೆಯ ನೀರು ತಿರುಗಿ ಹೋಗಲೇಬೇಕು. ಕೆಲವು ಕಡೆ ಅದು ಕಿರಿದಾದ ಕಾಲುವೆಯಂತೆ ಸೇರಿ ರಭಸದಿಂದ ಒಳಕ್ಕೆ ಸೆಳೆಯುತ್ತದೆ. ವಿಚಿತ್ರವೆಂದರೆ ಆ ಜಾಗದಲ್ಲೇ ಅಲೆ ಕಡಿಮೆ, ನೋಡಲು ಶಾಂತ. ಹೊಸಬರು ಇಳಿಯುವುದೂ ಅಲ್ಲೇ! ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ಎದುರು ಈಜಿದರೆ ಸೋತು ಮುಳುಗುತ್ತಾನೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತ ತಪ್ಪಿಸಿಕೊಂಡರೆ ಬದುಕುತ್ತಾನೆ. ಒಬ್ಬ ಮುಳುಗುವಾಗ ಇನ್ನೊಬ್ಬ ಬರಿಗೈಯಲ್ಲಿ ಹಾರಿದರೆ ಮನೆಗೆ ಎರಡು ಹೆಣ ಬರುತ್ತವೆ. ಎಸೆಯಬೇಕಾದ್ದು ಹಗ್ಗ, ಖಾಲಿ ಡಬ್ಬ, ಏನಾದರೂ ತೇಲುವಂಥದ್ದು.

ಡೇರೆಯ ವಿಷಯವೂ ಅಷ್ಟೇ. ದಿನಕ್ಕೆ ಎರಡು ಸಲ ಉಬ್ಬರ, ಅಮಾವಾಸ್ಯೆ-ಹುಣ್ಣಿಮೆಗೆ ಇನ್ನೂ ಮೇಲಕ್ಕೆ. ಸಂಜೆ ಒಣಗಿದ್ದ ಮರಳು ನಡುರಾತ್ರಿ ನೀರಾಗಬಹುದು. ಹೊನ್ನಾವರದ ಕಡೆಯ ದಡಗಳಿಗೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತವೆ. ದೀಪ, ಬೆಂಕಿ ಕಂಡ ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆ ಹರಿಯುತ್ತವೆ.

ಈ ಭಾಗದ ಹಿರಿಯರನ್ನು ಕೇಳಿದರೆ ನಗುತ್ತಾರೆ: "ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವ್ಯಾಗ ನೂಕತಿದ್ರು, ತಾನೇ ಈಜು ಬರ್ತಿತ್ತು." ಆ ಬಾವಿಗಳು ಬತ್ತಿದವು, ಬೋರ್‌ವೆಲ್ ಬಂದವು. ಬೋರ್‌ವೆಲ್ಲಿನಲ್ಲಿ ಈಜಲಾಗದು. ಕಾರಂಜಾ, ಚುಳಕಿನಾಲಾ ಜಲಾಶಯಗಳು ಜಿಲ್ಲೆಯಲ್ಲೇ ಇವೆ. ಗಮನವೆಲ್ಲ ಹೊಲಕ್ಕೆ ಹರಿಯುವ ನೀರಿನ ಮೇಲೆ. ಬೇಸಿಗೆ ರಜೆಯಲ್ಲಿ ಒಂದಿಷ್ಟು ಲೈಫ್ ಜಾಕೆಟ್ ತಂದು, ಬಲ್ಲವರನ್ನು ನಿಲ್ಲಿಸಿ ಮಕ್ಕಳಿಗೆ ಈಜು ಕಲಿಸಲು ಆಗುವ ಖರ್ಚು, ಗ್ರಾಮ ಪಂಚಾಯ್ತಿಗಳು ನಾಲ್ಕಾರು ಸೇರಿದರೆ ಭಾರವೆನಿಸದು.

ಅಲ್ಲಿಯವರೆಗೆ ಮಗನ ಕೈಗೆ ದುಡ್ಡು ಕೊಡುವ ಅಪ್ಪ ಕೇಳಬೇಕಾದ್ದು ಗಾಡಿ ಬಾಡಿಗೆ ಎಷ್ಟು ಎಂದಲ್ಲ. ನಿಮ್ಮ ಹತ್ತು ಮಂದಿಯಲ್ಲಿ ಈಜು ಬರುವವರು ಯಾರು? ಅಲ್ಲಿ ಕೊಡುವ ಲೈಫ್ ಜಾಕೆಟ್ಟಿನ ಬಕಲ್ ಬೀಳ್ತದೋ ಇಲ್ಲೋ ನೋಡಿದವರು ಯಾರು?